ಹಕ್ಕಿಗೆ ಮೊಬೈಲ್ ಹಾಡು ಬೇಡ

ಮಾನ್ಯರೇ,

ಬೇಸಿಗೆ ಕಾಲಿಟ್ಟೊಡನೆ ಕುತ್ತಿಗೆಗೆ ಬೈನಾಕ್ಯುಲರ್ ನೇತುಹಾಕಿಕೊಂಡು ಹೊರಡುವುದು ನನ್ನ ಹಳೆಯ ಚಟ. ಕಳೆದ ಭಾನುವಾರ ಬೆಳಿಗ್ಗೆ 23 ಬಗೆಯ ಹಕ್ಕಿಗಳು ಸಿಕ್ಕವು. ಅರ್ಧ ಹೊತ್ತು ಕಳೆದದ್ದು ಮಾತ್ರ ಒಂದೇ ಕಳ್ಳಿಪೀರದ ಎದುರು. ಅದು ಗಾಳಿಯಲ್ಲೇ ಜೇನುನೊಣವನ್ನು ಹಿಡಿದು ತಂದು, ಕೊಂಬೆಗೆ ಬಡಿದು, ಮುಳ್ಳಿನ ಭಾಗವನ್ನು ಉಜ್ಜಿ ಉಜ್ಜಿ ವಿಷ ತೆಗೆದು, ಆಮೇಲೆ ನುಂಗಿತು.

ಬಿಸಿಲೇರಿ ಹಕ್ಕಿಗಳು ಮೌನವಾದ ಮೇಲೆ ನೆಲ ನೋಡತೊಡಗಿದೆ. ಒಣ ಪುಡಿಮಣ್ಣಿನಲ್ಲಿ ಇರುವೆ ಹಿಡಿಯಲು ಇರುವೆಸಿಂಹವೆಂಬ ಕೀಟದ ಮರಿ ತೋಡಿದ ಬಟ್ಟಲಿನಂಥ ಕುಳಿಗಳು. ನೀರಂಚಿನ ಜೊಂಡಿಗೆ ಏರೋಪ್ಲೇನ್ ಚಿಟ್ಟೆ ಕಳಚಿಟ್ಟ ಪೊರೆ. (ಇದಕ್ಕೆ ಬೈನಾಕ್ಯುಲರ್ ಬೇಡ, ಮೊಣಕಾಲು ಗಟ್ಟಿಯಿರಬೇಕು. ನನ್ನವು ಅಷ್ಟಕ್ಕಷ್ಟೆ.)

ಅಲ್ಲೇ ಕ್ಯಾಮೆರಾ ಹಿಡಿದ ಇಬ್ಬರು ಮೊಬೈಲಿನಲ್ಲಿ ಮಡಿವಾಳ ಹಕ್ಕಿಯ ಹಾಡನ್ನು ಮತ್ತೆ ಮತ್ತೆ ನುಡಿಸುತ್ತಿದ್ದರು. ಇದು ಆ ಹಕ್ಕಿ ಗೂಡು ಕಟ್ಟುವ ಕಾಲ. ತನ್ನ ಜಾಗಕ್ಕೆ ಎದುರಾಳಿ ನುಗ್ಗಿದನೆಂದು ನಂಬಿದ ಗಂಡು, ಬಾಲ ನಿಮಿರಿಸಿಕೊಂಡು ಕೊಂಬೆಯಿಂದ ಕೊಂಬೆಗೆ ಹಾರಿ ಕೂಗಿತು. ಹುಳು ಹಿಡಿಯಬೇಕಾದ ಹೊತ್ತೆಲ್ಲ ಇಲ್ಲದ ಶತ್ರುವನ್ನು ಹುಡುಕುವುದರಲ್ಲೇ ಹೋಯಿತು. ಫೋಟೊ ಚೆನ್ನಾಗಿಯೇ ಬಂದಿರಬೇಕು!

ಪತ್ರಿಕೆಗೆ ಒಂದು ಕೋರಿಕೆ: ಓದುಗರು ಕಳುಹಿಸುವ ಹಕ್ಕಿ ಚಿತ್ರಗಳನ್ನು ಹೇಗೆ ತೆಗೆದರೆಂದು ವಿಚಾರಿಸಿ. ಹಾಡು ನುಡಿಸಿ ಸೆಳೆದವು, ಗೂಡಿನ ಬಾಯಲ್ಲಿ ನಿಂತು ತೆಗೆದವು ಎಷ್ಟೇ ಚಂದವಿದ್ದರೂ ದಯವಿಟ್ಟು ಪ್ರಕಟಿಸಬೇಡಿ.

– ಒಬ್ಬ ಓದುಗ