ಸ್ಕೀ ಟ್ರಿಪ್ಪಿಗೆ ಊರು ಆರಿಸೋದು ಬರೀ ಎತ್ತರ ನೋಡಿ ಅಲ್ಲ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ವಾರದ ಪುರವಣಿಲಿ ಆಲ್ಪ್ಸ್‌ನಲ್ಲಿ ಸ್ಕೀ ಮಾಡೋದರ ಬಗ್ಗೆ ಬಂದ ಲೇಖನ ಓದಿದೆ. ಫೋಟೊ ಚೆನ್ನಾಗಿತ್ತು, ಖರ್ಚಿನ ಲೆಕ್ಕ ಕೊಟ್ಟಿದ್ದೂ ಒಳ್ಳೇದಾಯ್ತು, ಆದ್ರೆ ಉಳ್ಕೊಳ್ಳೋಕೆ ಎಲ್ಲಕ್ಕಿಂತ ಎತ್ತರದ ಊರೇ ಬೆಸ್ಟು, ಹಿಮಕ್ಕೆ ಮೋಸ ಇಲ್ಲ, ಅಲ್ಲಿಂದ ಎಲ್ಲಾ ಕಡೆ ಹೋಗ್ಬಹುದು ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದು ನಂಗೆ ಸರಿ ಕಾಣ್ಲಿಲ್ಲ. ಕೆಲಸದ ಮೇಲೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿದ್ದಾಗ ಈ ಊರುಗಳನ್ನೆಲ್ಲ ಸುತ್ತಿದವ ನಾನು, ಈಗ ಕುಮಟಾದಲ್ಲೇ ಇದ್ದೇನೆ, ನಮ್ಮ ಕಡೆ ಹುಡುಗರು ಬೆಂಗಳೂರು, ಪುಣೆ, ಮ್ಯೂನಿಕ್ ಅಂತ ದುಡಿಯೋಕೆ ಹೋದವರು ಚಳಿಗಾಲ ಬಂತು ಅಂದ್ರೆ ಫೋನ್ ಮಾಡಿ ಕೇಳ್ತಾರೆ, ಎಲ್ಲಿ ರೂಮ್ ಮಾಡೋದು ಅಂತ.

ಅವರು ಹೊರಡೋದು ಹೆಂಗಿದ್ರೂ ಮನೆಮಂದಿ ಎಲ್ಲ ಕೂಡ್ಕೊಂಡೇ. ಅಣ್ಣನ ಮಗನಿಗೆ ಸ್ಕೀ ಚೆನ್ನಾಗಿ ಬರತ್ತೆ, ಅವನ ಹೆಂಡ್ತಿ ಗುಲ್ಮಾರ್ಗ್‌ನಲ್ಲಿ ಸ್ವಲ್ಪ ಕಲ್ತವಳು, ಅವಳ ತಮ್ಮ ಹಿಮ ಮುಟ್ಟೇ ಇಲ್ಲ, ಅತ್ತಿಗೆಗೆ ಸ್ಕೀ ಕಟ್ಕೊಳ್ಳೋ ಆಸೆನೂ ಇಲ್ಲ, ಬಿಸಿಲಲ್ಲಿ ಕೂತು ಗುಡ್ಡ ನೋಡಿದ್ರೆ ಸಾಕು. ಇಂಥ ಗುಂಪಿಗೆ ಊರು ಆರಿಸೋವಾಗ ಎಲ್ಲಕ್ಕಿಂತ ಮೊದಲು ನೋಡ್ಬೇಕಾದ್ದು, ತೀರಾ ಹೊಸಬರು ಯಾರೋ ಅವರು ಸಂಜೆ ಯಾರ ಹಂಗೂ ಇಲ್ದೆ ರೂಮಿಗೆ ವಾಪಸ್ ಬರೋಕೆ ಆಗತ್ತಾ ಅನ್ನೋದು. ಚೆನ್ನಾಗಿ ಬರೋನು ಎಲ್ಲಿಂದಾದ್ರೂ ಎಲ್ಲಿಗಾದ್ರೂ ಹೋಗ್ತಾನೆ, ಅವನ ಚಿಂತೆ ಬೇಡ.

ನಿಮ್ಮ ಲೇಖನದಲ್ಲೇ ಇದ್ದ ಫ್ರಾನ್ಸಿನ ತ್ರೀ ವ್ಯಾಲಿಸ್ ತಗೊಳ್ಳಿ. ಮೂರು ಕಣಿವೆ ಲಿಫ್ಟ್‌ಗಳಿಂದ, ಅಂದ್ರೆ ಜನರನ್ನ ಗುಡ್ಡ ಹತ್ತಿಸೋ ತಂತಿ ಸಾಲುಗಳಿಂದ, ಒಂದಕ್ಕೊಂದು ಕೂಡ್ಕೊಂಡಿವೆ, ಒಟ್ಟು ಸುಮಾರು 600 ಕಿಲೋಮೀಟರ್ ಜಾರೋ ದಾರಿ. ಒಂದು ತುದಿಗೆ ಕುರ್ಶವೆಲ್, ನಡುವೆ ಮೆರಿಬೆಲ್, ಆ ಕಡೆ ಕಣಿವೆಲಿ ಲೆ ಮೆನ್ವೀರ್, ಅದರ ಮೇಲೆ ವಾಲ್ ತೊರಾನ್ಸ್. ಈ ವಾಲ್ ತೊರಾನ್ಸ್ 2300 ಮೀಟರ್ ಎತ್ತರದಲ್ಲಿದೆ, ಯುರೋಪಲ್ಲೇ ಅಷ್ಟು ಎತ್ತರದ ಸ್ಕೀ ಊರು ಇನ್ನೊಂದಿಲ್ಲ. ಹಿಮ ಗ್ಯಾರಂಟಿ ಅನ್ನೋದು ನಿಜ, ಡಿಸೆಂಬರ್ ಮೊದಲ ವಾರಕ್ಕೋ ಏಪ್ರಿಲ್‌ಗೋ ಹೋಗೋರಿಗೆ ನಾನೂ ಅದನ್ನೇ ಹೇಳ್ತೇನೆ. ಆದ್ರೆ ಆ ಎತ್ತರದಲ್ಲಿ ಒಂದು ಮರ ಇಲ್ಲ, ಮೋಡ ಇಳಿದು ಹಿಮ ಬೀಳೋಕೆ ಶುರುವಾದ್ರೆ ನೆಲ ಯಾವುದು ಆಕಾಶ ಯಾವುದು ಗೊತ್ತಾಗಲ್ಲ, ಕಾಲಡಿ ಇಳಿಜಾರು ಇದೆಯೋ ತಗ್ಗು ಇದೆಯೋ ಅಂದಾಜೇ ಸಿಗಲ್ಲ, ಹೊಸಬರು ಅಲ್ಲೇ ಹೆದ್ರಿ ನಿಂತುಬಿಡ್ತಾರೆ. ಅಂಥ ದಿನ ಮೆರಿಬೆಲ್, ಕುರ್ಶವೆಲ್ ಕಡೆ ಕಾಡಿನ ನಡುವಿನ ದಾರಿಲಿ ಎರಡೂ ಬದಿ ಮರ ಕಾಣೋದ್ರಿಂದ ಆರಾಮಾಗಿ ಇಳೀಬಹುದು.

ಇನ್ನೊಂದು, ಸಮುದ್ರದ ಪಕ್ಕ ಹುಟ್ಟಿ ಬೆಳೆದ ನಮ್ಮಂಥವರು ವಿಮಾನ ಇಳಿದು ಅದೇ ದಿನ 2300 ಮೀಟರ್ ಹತ್ತಿ ಮಲಗಿದ್ರೆ ಕೆಲವರಿಗೆ ತಲೆನೋವು, ನಿದ್ದೆ ಬರ್ದೇ ಇರೋದು ಆಗತ್ತೆ. ಅಲ್ಲಿ ನೀರು ಕುದಿಯೋದೂ 92 ಡಿಗ್ರಿ ಹತ್ರನೇ, ಅನ್ನ ಬೇಗ ಬೇಯಲ್ಲ, ಬಾಡಿಗೆ ಅಪಾರ್ಟ್‌ಮೆಂಟಲ್ಲಿ ಒಂದು ಪಾತ್ರೆ ಇಟ್ಕೊಂಡು ಜಾಸ್ತಿ ಹೊತ್ತು ಕಾಯ್ಬೇಕು. ಸಸ್ಯಾಹಾರಿಗಳು ಅಡುಗೆಮನೆ ಇರೋ ರೂಮ್ ಮಾಡೋದು ಒಳ್ಳೇದು, ಒಂದು ಸಣ್ಣ ಕುಕ್ಕರ್ ಬ್ಯಾಗಲ್ಲಿ ಹಾಕ್ಕೊಳ್ಳಿ.

ಈಗ ಮುಖ್ಯ ವಿಷಯ, ಕೊನೆ ಲಿಫ್ಟು. ಕಣಿವೆ ದಾಟಿಸೋ ಲಿಫ್ಟ್‌ಗಳು ಸಂಜೆ ನಾಲ್ಕು, ನಾಲ್ಕೂವರೆ ಆಸುಪಾಸಲ್ಲಿ ಬಂದ್ ಆಗ್ತವೆ, ಡಿಸೆಂಬರ್ ಜನವರಿಲಿ ಇನ್ನೂ ಬೇಗ. ವಾಲ್ ತೊರಾನ್ಸ್‌ನಲ್ಲಿ ರೂಮ್ ಮಾಡಿ ಕುರ್ಶವೆಲ್ ನೋಡೋಕೆ ಹೋದವರು ವಾಪಸ್ ಬರೋಕೆ ಸೋಲೀರ್ ಶಿಖರದ ಮೇಲಿಂದ ಮೆರಿಬೆಲ್ ಕಣಿವೆಗೆ ಇಳಿದು ಮತ್ತೆ ಆ ಕಡೆ ಗುಡ್ಡ ಹತ್ತಿ ದಾಟ್ಬೇಕು, ನಡುವೆ ಒಂದು ಲಿಫ್ಟ್ ತಪ್ಪಿದ್ರೂ ಮುಗೀತು, ಗುಡ್ಡದ ಮೇಲಿಂದಲೇ ವಾಲ್ ತೊರಾನ್ಸ್‌ಗೆ ದಾಟೋ ರಸ್ತೆ ಇಲ್ಲ, ಟ್ಯಾಕ್ಸಿ ಮಾಡಿ ಕೆಳಗೆ ಮೂಟಿಯೇ ಪೇಟೆಗೆ ಇಳಿದು ಇನ್ನೊಂದು ಕಣಿವೆ ರಸ್ತೆಲಿ ಮತ್ತೆ ಮೇಲೆ ಹತ್ಬೇಕು, ಅದರ ಬಾಡಿಗೆ ಕೇಳಿದ್ರೆ ಎದೆ ಧಸಕ್ಕನ್ನತ್ತೆ. ಶಿರಸಿಲಿ ಕೊನೆ ಬಸ್ ತಪ್ಪಿಸ್ಕೊಂಡು ದೇವಿಮನೆ ಘಟ್ಟ ಇಳಿಯೋಕೆ ಒದ್ದಾಡಿದವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ.

ಅದಕ್ಕೇ ನಾನು ಹೇಳೋದು, ಎಲ್ಲರಿಗೂ ತಕ್ಕಮಟ್ಟಿಗೆ ಸ್ಕೀ ಬರತ್ತೆ, ಮೂರೂ ಕಣಿವೆ ನೋಡ್ಬೇಕು ಅಂದ್ರೆ ನಡುವಿನ ಮೆರಿಬೆಲ್ ಮೊತಾರೆಲಿ ಇರಿ, 1750 ಮೀಟರ್, ಎರಡೂ ಕಡೆಗೆ ಒಂದೊಂದೇ ಗುಡ್ಡ ದಾಟೋದು. ಕಲಿಯೋರು ಇದ್ರೆ ಕುರ್ಶವೆಲ್‌ನ ಮೊರಿಯೋಂ, 1650 ಮೀಟರ್, ಅಲ್ಲಿ ಹಸಿರು, ನೀಲಿ ಗುರುತಿನ (ಸುಲಭದ ದಾರಿಗೆ ಹಾಕೋ ಬಣ್ಣ) ಅಗಲವಾದ ಸಲೀಸು ದಾರಿಗಳು ಊರಿನ ತನಕನೂ ಬರ್ತವೆ, ಅದರ ಮೇಲಿರೋ ಕುರ್ಶವೆಲ್ 1850 ಅನ್ನೋ ಊರಿನಷ್ಟು ದುಬಾರಿನೂ ಅಲ್ಲ. ಕೆಳಗೆ 600 ಮೀಟರ್‌ನ ಬ್ರೀಡ್ ಲೆ ಬ್ಯಾಂ ಎಲ್ಲಕ್ಕಿಂತ ಅಗ್ಗ, 1992ರ ಆಲ್ಬರ್‌ವಿಲ್ ಒಲಿಂಪಿಕ್ಸ್‌ನಲ್ಲಿ ಆಟಗಾರರು ಉಳ್ಕೊಂಡಿದ್ದು ಅಲ್ಲೇ, ಆದ್ರೆ ದಿನಾ ಬೆಳಿಗ್ಗೆ ಸಂಜೆ ಮೆರಿಬೆಲ್‌ಗೆ ಅರ್ಧ ಗಂಟೆ ಹತ್ರ ಗೊಂಡೋಲಾದಲ್ಲಿ (ತಂತಿ ಮೇಲೆ ಹೋಗೋ ಮುಚ್ಚಿದ ಡಬ್ಬಿ) ಕೂರ್ಬೇಕು, ಮಧ್ಯಾಹ್ನ ಸುಸ್ತಾದವರು ರೂಮಿಗೆ ಹೋಗಿ ಸ್ವಲ್ಪ ಒರಗಿ ಬರೋಣ ಅಂದ್ರೆ ಆಗಲ್ಲ.

ರೂಮಿಂದ ಲಿಫ್ಟಿಗೆ ಎಷ್ಟು ನಡೀಬೇಕು ಅನ್ನೋದನ್ನೂ ಯಾರೂ ಬರೆಯಲ್ಲ. ಸ್ಕೀ ಬೂಟು ಗಟ್ಟಿ ಪ್ಲಾಸ್ಟಿಕ್‌ದು, ಪಾದದ ಗಂಟು ಬಾಗೋಕೆ ಬಿಡಲ್ಲ, ಹಿಮ್ಮಡಿ ಮೊದಲು ಊರಿ ಊರಿ ನಡೀಬೇಕು, ಹೆಗಲ ಮೇಲೆ ಎರಡು ಸ್ಕೀ, ಕೈಯಲ್ಲಿ ಕೋಲು, ಕಾಲಡಿ ಗಾಜಿನಂಥ ಮಂಜುಗಡ್ಡೆ, ಅದರಲ್ಲೂ ಚಿಕ್ಕ ಮಕ್ಕಳಿದ್ರೆ ಅವರ ಸಾಮಾನೂ ಅಪ್ಪ ಅಮ್ಮನ ಹೆಗಲಿಗೇ. ಮುನ್ನೂರು ಮೀಟರ್ ಅಂದ್ರೆ ನಕ್ಷೆಲಿ ಏನೂ ಅಲ್ಲ ಮಾರಾಯ್ರೆ, ಅಲ್ಲಿ ನಡೆದವರಿಗೇ ಗೊತ್ತು. ಸ್ವಲ್ಪ ದುಡ್ಡು ಜಾಸ್ತಿ ಆದ್ರೂ ಲಿಫ್ಟಿನ ಪಕ್ಕ ಇರಿ, ಇಲ್ಲಾ ಬೂಟು ಸ್ಕೀ ಎಲ್ಲ ರಾತ್ರಿ ಇಡೋಕೆ ಕೊಡೋ ಅಂಗಡಿಲಿ ಬಾಡಿಗೆಗೆ ತಗೊಳ್ಳಿ.

ಲಿಫ್ಟ್ ಹತ್ತೋಕೆ ತಗೊಳ್ಳೋ ಪಾಸ್ ವಿಷಯ ಸಣ್ಣದು, ಕಲಿಯೋರಿಗೆ ಪೂರ್ತಿ ಮೂರು ಕಣಿವೆ ಪಾಸ್ ದಂಡ, ವಾರದ ಹೆಚ್ಚಿನ ಹೊತ್ತು ಅವರು ಸ್ಕೀ ಶಾಲೆ ಪಕ್ಕದ ಇಳಿಜಾರಲ್ಲೇ ಇರ್ತಾರೆ, ಒಂದೇ ಕಣಿವೆದು ಸಾಕು.

ಇಟಲಿ ಕಡೆ ಹೋಗೋದಾದ್ರೆ ಡೊಲೊಮೈಟ್ಸ್ ಅನ್ನೋ ಗುಡ್ಡಸಾಲಲ್ಲೂ ಇದೇ ಲೆಕ್ಕ. ಸೆಲ್ಲಾ ಅನ್ನೋ ದೊಡ್ಡ ಬಂಡೆಗುಡ್ಡದ ಸುತ್ತ ನಾಲ್ಕು ಘಟ್ಟ ದಾಟಿ ಒಂದೇ ದಿನ ಸುತ್ತು ಹಾಕೋ ಸೆಲ್ಲಾರೊಂಡಾ ಇದೆ, ಲಿಫ್ಟೂ ಸೇರಿ 40 ಕಿಲೋಮೀಟರ್ ಹತ್ರ, ಒಂದು ದಿಕ್ಕಿಗೆ ಕಿತ್ತಳೆ ಬೋರ್ಡು, ಇನ್ನೊಂದಕ್ಕೆ ಹಸಿರು. ಬೆಳಿಗ್ಗೆ ಹತ್ತರ ಒಳಗೆ ಹೊರಟು ಮೂರೂವರೆಗೆ ಕೊನೇ ಘಟ್ಟ ದಾಟಿರ್ಬೇಕು. ಆ ಸುತ್ತಿನ ಮೇಲೆ ಇರೋ ಊರುಗಳಲ್ಲಿ ಕೊರ್ವಾರಾ ಸುತ್ತ ಇಳಿಜಾರು ಸಲೀಸು, ಹೊಸಬರಿಗೆ ಅದೇ ಸರಿ, ಅರಾಬ್ಬಾ ಕಡಿದಾದ ದಾರಿ ಬೇಕು ಅನ್ನೋರಿಗೆ. ನಮ್ಮ ಅತ್ತಿಗೆಯಂಥವರು ಜೊತೆಗಿದ್ರೆ ಮಾತ್ರ ನಾನು ಒರ್ತಿಸೇಯ್ ಅಂತೇನೆ, ಸೆಲ್ಲಾ ಸುತ್ತಿಗೆ ಸ್ವಲ್ಪ ದೂರ ಆದ್ರೂ ಅದು ನಿಜವಾದ ಪೇಟೆ, ಅಲ್ಲಿಂದ ಗೊಂಡೋಲಾ ಹತ್ತಿದ್ರೆ ಆಲ್ಪೆ ದಿ ಸಿಯೂಸಿ ಅನ್ನೋ ದೊಡ್ಡ ಹುಲ್ಲುಗಾವಲು, ಹಿಮದಲ್ಲಿ ನಡೆಯೋಕೇ ಬೇರೆ ದಾರಿ ಮಾಡಿಟ್ಟಿದಾರೆ. ಆ ಊರಲ್ಲಿ ಶತಮಾನಗಳಿಂದ ಮರದ ಕೆತ್ತನೆ ಕಸುಬು, ಗುಡಿಗಾರರ ಕೆಲಸ ನೋಡ್ತಾ ಬೆಳೆದ ಶಿರಸಿ ಕುಮಟಾದವರಿಗೆ ಆ ಅಂಗಡಿಗಳಿಂದ ಎದ್ದು ಬರೋಕೆ ಮನಸ್ಸಾಗಲ್ಲ. ಇಟಲಿಲಿ 2022ರಿಂದ ಸ್ಕೀ ಮಾಡೋರಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ, ಪಾಸ್ ಜೊತೆಗೇ ತಗೊಂಡುಬಿಡಿ.

ಪುರವಣಿ ನೋಡ್ಕೊಳ್ಳೋರಲ್ಲಿ ನನ್ನ ವಿನಂತಿ, ಮುಂದಿನ ಸಲ ಇಂಥ ಲೇಖನ ಹಾಕುವಾಗ ಹೋಟೆಲ್ ರೇಟಿನ ಪಕ್ಕ ಊರಿನ ಎತ್ತರ, ಸುಲಭದ ಇಳಿಜಾರು ಊರಿನ ತನಕ ಬರತ್ತಾ ಇಲ್ವಾ, ಕಣಿವೆ ದಾಟಿಸೋ ಕೊನೆ ಲಿಫ್ಟ್ ಎಷ್ಟೊತ್ತಿಗೆ, ಈ ಮೂರನ್ನೂ ಕೊಡಿ. ಜನ ಜನವರಿ ಫೆಬ್ರವರಿಗೆ ಈಗಲೇ ರೂಮ್ ಬುಕ್ ಮಾಡ್ತಾ ಇದ್ದಾರೆ.

ನಿಮ್ಮ ಓದುಗ,
ಕುಮಟಾ