ಜೀಪಿಗೆ ಬಂಪರ್ ಮಾಡಿಸೋರ ಗಮನಕ್ಕೆ

ಗೆಳೆಯರೇ, ಮಳೆಗಾಲಕ್ಕೆ ಮೊದಲೇ ಬಂಪರ್ ಮಾಡಿಸೋ ಯೋಚನೆ ಇದ್ದರೆ ಇದನ್ನೊಮ್ಮೆ ಓದಿ.

ವಿಂಚನ್ನು (ಸಿಕ್ಕಿಕೊಂಡ ಗಾಡಿಯನ್ನು ಹಗ್ಗ ಸುತ್ತಿ ಎಳೆಯೋ ಯಂತ್ರ) ಬಂಪರಿಗೆ ಕಾಯಂ ಕೂರಿಸಬೇಡಿ, ಸುಮ್ನೆ ಮುಂದಿನ ಸ್ಪ್ರಿಂಗಿಗೆ ಭಾರ. 2 ಇಂಚಿನ ಚೌಕ ರಿಸೀವರ್, ಅಂದ್ರೆ ಟೊಳ್ಳು ಕೊಳವೆ, ಹಾಕಿಸಿ. ವಿಂಚ್ ಕೂರಿಸಿದ ಪ್ಲೇಟನ್ನು ಅದರೊಳಗೆ ತೂರಿಸಿ ಪಿನ್ ಹಾಕಿದರೆ ಆಯ್ತು. ಹಿಂದೆಯೂ ಒಂದು ರಿಸೀವರ್ ಇದ್ದರೆ ಅದೇ ವಿಂಚ್ ಹಿಂದಕ್ಕೂ ಎಳೆಯುತ್ತದೆ.

ಎಳೆತವೆಲ್ಲ ನೇರ ಚಾಸಿಗೆ ಹೋಗಬೇಕು. ಬರೀ ಮುಂದಿನ ತಗಡಿಗೆ ವೆಲ್ಡ್ ಮಾಡಿಸಿದರೆ ಹೊಸನಗರದ ಕೆಸರಲ್ಲಿ ಕಿತ್ತು ಬರುತ್ತದೆ! ರಿಸೀವರ್ ಒಳಗೂ ಪ್ರೈಮರ್ ಬಳಿಸಿ, ನೀರು ಇಳಿಯೋಕೆ ಕೆಳಗೊಂದು ತೂತು ಬಿಡಿಸಿ. ನಮ್ಮ ಮಳೆಗೆ ತುಕ್ಕು ಶುರುವಾಗೋದೇ ಅಲ್ಲಿ, ಅಲ್ವಾ?

ವಿಂಚಿನ ಸಾಮರ್ಥ್ಯ ಗಾಡಿಯ ಒಟ್ಟು ತೂಕದ ಒಂದೂವರೆ ಪಟ್ಟು ಇರಲಿ.

ಇಂಥ ಹೊರಗಿನಿಂದ ಹಾಕಿಸೋ ಬಂಪರ್, ಅಂದ್ರೆ ಕ್ರ್ಯಾಶ್ ಗಾರ್ಡ್ ವಿರುದ್ಧ 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದಿದೆ. ಹಾಗಾಗಿ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ. ಏರ್‌ಬ್ಯಾಗ್ ಇರೋ ಗಾಡಿಗಂತೂ ಬೇಡವೇ ಬೇಡ.