ಯಾವ ಲಸಿಕೆ ಅಂತ ಹೆಸರು ಹಾಕಿ

ಸಂಪಾದಕರೇ,

ಅರಕಲಗೂಡಲ್ಲಿ ನಂದೊಂದು ಸಣ್ಣ ಮೆಡಿಕಲ್ ಶಾಪ್ ಇದೆ. 2025ರಲ್ಲಿ ನಮ್ ಹಾಸನ ಜಿಲ್ಲೆ ಹಾರ್ಟ್ ಅಟ್ಯಾಕ್ ಸುದ್ದಿ ಎದ್ದಾಗಿಂದ ಬಿಪಿ ಮಾತ್ರೆಗೆ ಬರೋರೆಲ್ಲ ಮೊಬೈಲ್ ಮುಂದೆ ಹಿಡಿದು, ಇದಕ್ಕೆಲ್ಲ ಕೋವಿಡ್ ಲಸಿಕೆನೇ ಕಾರಣ ಅಂತೆ, ಆ ಎಂಆರ್‌ಎನ್‌ಎ ಇಂಜೆಕ್ಷನ್ ನಮ್ ಡಿಎನ್‌ಎ ಒಳಗೇ ಸೇರ್ಕೊಂಡಿದ್ಯಂತೆ ಹೌದಾ ಅಂತಾರೆ. ಮೊನ್ನೆ ಒಬ್ರಿಗೆ ಸರ್ಟಿಫಿಕೇಟ್ ತೆಗೀರಿ ಅಂದೆ. ಎರಡು ಡೋಸೂ ಕೋವಿಶೀಲ್ಡ್! ಅದು ಚಿಂಪಾಂಜಿ ಶೀತದ ವೈರಸ್ಸನ್ನ ಗಾಡಿ ಮಾಡ್ಕೊಂಡು ಬರೋ ಲಸಿಕೆ, ಕೋವ್ಯಾಕ್ಸಿನ್ನು ಸತ್ತ ವೈರಸ್ಸಿಂದು. ಎಂಆರ್‌ಎನ್‌ಎ ಅಂದ್ರೆ ಫೈಜರ್, ಮಾಡರ್ನಾ. ಫೈಜರ್‌ದಂತೂ ಶುರುವಲ್ಲಿ ಮೈನಸ್ 70 ಡಿಗ್ರಿಲಿ ಇಡ್ಬೇಕಿತ್ತು, ನಮ್ ಪಿಎಚ್‌ಸಿ ಫ್ರಿಜ್ಜು 2ರಿಂದ 8 ಡಿಗ್ರಿದು.

ಹೋಗ್ಲಿ, ಆ ಲಸಿಕೆನೇ ತಗೊಂಡಿದ್ರೂ ಏನಾಗ್ತಿತ್ತು? ಡಾಕ್ಟ್ರು ಚೀಟಿ ಬರೀತಾರೆ, ನಮ್ ಹುಡುಗ ಚೀಟಿ ನೋಡಿ ಮಾತ್ರೆ ತೆಗೆದು ಕೊಡ್ತಾನೆ, ಆಮೇಲೆ ಚೀಟಿ ಕಸದ ಬುಟ್ಟಿಗೆ, ಅದ್ರಿಂದ ಡಾಕ್ಟ್ರ ರಿಜಿಸ್ಟ್ರು ತಿದ್ದುಪಡಿ ಆಗುತ್ತಾ? ಎಂಆರ್‌ಎನ್‌ಎ ಅಂಥದ್ದೇ ಚೀಟಿ, ಡಿಎನ್‌ಎ ಆ ರಿಜಿಸ್ಟ್ರು. ಕೊಬ್ಬಿನ ಪುಟಾಣಿ ಉಂಡೆಲಿ ಸುತ್ತಿ ತೋಳಿಗೆ ಚುಚ್ತಾರೆ, ಜೀವಕೋಶ ಅದನ್ನ ಓದ್ಕೊಂಡು ಕೊರೊನಾ ಮೈಮೇಲಿನ ಮುಳ್ಳು ಮಾತ್ರ, ಅಂದ್ರೆ ಸ್ಪೈಕ್ ಪ್ರೋಟೀನು ಮಾಡುತ್ತೆ, ಪೂರ್ತಿ ವೈರಸ್ ಅಲ್ಲ. ಡಿಎನ್‌ಎ ಇರೋ ನ್ಯೂಕ್ಲಿಯಸ್ ಒಳಗೆ ಚೀಟಿ ಹೋಗೋದೇ ಇಲ್ಲ, ಕೆಲ್ಸ ಮುಗಿದ್ಮೇಲೆ ಕೋಶನೇ ಅದನ್ನ ಚೂರು ಮಾಡುತ್ತೆ. ಮುಳ್ಳು ನೋಡಿದ ದೇಹ ಯಾವನೋ ಹೊಸಬ ಬಂದ ಅಂತ ಅವನ ಜತೆ ಹೋರಾಡೋ ಆ್ಯಂಟಿಬಾಡಿ, ಟಿ ಸೆಲ್ ರೆಡಿ ಮಾಡ್ಕೊಂಡು ಗುರ್ತು ಇಟ್ಕೊಳ್ಳುತ್ತೆ, ಜ್ವರ ಮೈಕೈ ನೋವು ಬರೋದು ಆ ಗಲಾಟೆಗೇ. ಮುಂದೆ ನಿಜವಾದ ವೈರಸ್ ಬಂದಾಗ ಸೋಂಕು ತಗುಲ್ಬಹುದು, ಆದ್ರೆ ಐಸಿಯು ತನಕ ಹೋಗೋ ಸಾಧ್ಯತೆ ತುಂಬಾ ಕಮ್ಮಿ.

ಹಿಂದೆ ಲ್ಯಾಬಲ್ಲಿ ಮಾಡಿದ ಆರ್‌ಎನ್‌ಎ ಮೈಗೆ ಬಿಟ್ರೆ ದೇಹ ಅದ್ರ ಮೇಲೇ ತಿರುಗಿ ಬೀಳ್ತಿತ್ತು. ಕ್ಯಾಟಲಿನ್ ಕಾರಿಕೋ, ಡ್ರೂ ವೈಸ್‌ಮನ್ ಅನ್ನೋ ವಿಜ್ಞಾನಿಗಳು ಆ ಆರ್‌ಎನ್‌ಎ ಬರಹದ ಒಂದೇ ಒಂದು ಅಕ್ಷರದ ರೂಪ ಬದಲಾಯ್ಸಿ 2005ರಲ್ಲಿ ದಾರಿ ತೋರ್ಸಿದ್ರು, 2023ರಲ್ಲಿ ನೊಬೆಲ್ ಬಂತು.

ಅಡ್ಡ ಪರಿಣಾಮನೇ ಇಲ್ಲ ಅಂತ ನಾನೇನೂ ಹೇಳಲ್ಲ. ಎಂಆರ್‌ಎನ್‌ಎ ತಗೊಂಡ ಕೆಲವರಿಗೆ, ಜಾಸ್ತಿ ಹರೆಯದ ಗಂಡು ಹುಡುಗ್ರಿಗೆ, ಎರಡನೇ ಡೋಸಾದ್ಮೇಲೆ ಅಪರೂಪಕ್ಕೆ ಹೃದಯದ ಸ್ನಾಯು ಊದ್ಕೊಂಡಿದ್ದಿದೆ. ಆದ್ರೆ ಕೋವಿಶೀಲ್ಡ್ ತಗೊಂಡೋರು ಅದೇ ಭಯ ಹೊತ್ಕೊಂಡು ನನ್ ಕೌಂಟರಿಗೆ ಬರ್ತಿದಾರಲ್ಲ! ಅದಕ್ಕೇ ಕೇಳ್ತಿರೋದು, ಇಂಥ ಸುದ್ದಿ ಹಾಕುವಾಗ ಬರೀ "ಕೋವಿಡ್ ಲಸಿಕೆ" ಅನ್ನದೆ ಯಾವ ಲಸಿಕೆ ಅಂತ ಹೆಸರೂ ಹಾಕಿ.

- ಒಬ್ಬ ಓದುಗ, ಅರಕಲಗೂಡು